ಹೆಸರು ಕೇಳುವ ಪೆಟ್ಟಿಗೆ

ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ಟೆಲಿಫೋನಿಗೂ ಕಸೂತಿಯ ಅಂಗಿ ಹೊಲಿದು ತೊಡಿಸುತ್ತಿದ್ದ ಕಾಲಕ್ಕೆ, ಆಳಂದವೆಂಬ ಊರಿನಲ್ಲಿ ಹೆಸರು ಕೇಳದೆ ಬಾಗಿಲು ತೆರೆಯದ ಒಂದು ಪೆಟ್ಟಿಗೆ ಇತ್ತು. ಅದೇ ಊರಿನಲ್ಲಿ, ಏನು ಮಾಡಿದರೂ ಆ ಹೆಸರನ್ನು ಬರೀ ಬಾಯಿಯಲ್ಲಿ ಹೇಳದ ಒಬ್ಬ ಹೆಂಗಸೂ ಇದ್ದಳು. ಪೆಟ್ಟಿಗೆ ಒಂದು ಓಣಿಯಲ್ಲಿ, ಹೆಂಗಸು ಇನ್ನೊಂದು ಓಣಿಯಲ್ಲಿ ಇದ್ದಿದ್ದರೆ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ಇಬ್ಬರೂ ಒಂದೇ ಪಡಸಾಲೆಯಲ್ಲಿ ಎದುರಾಬದುರು ಬಂದು ಕೂತರು.

ಇಸವಿ ಬೇಕೇ ಬೇಕು ಅನ್ನುವವರಿಗೆ: ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಪೆಟ್ಟಿಗೆ ಅಂದರೆ ಕಂಪ್ಯೂಟರು.

ಗುಲಬರ್ಗಾದ ಯಾವುದೋ ಕಾಲೇಜಿನವರು ಹಳೆಯದಾಯಿತೆಂದು ಬಿಟ್ಟದ್ದನ್ನು ಬಸವಂತರಾಯರು ಜೀಪಿನ ಹಿಂದೆ ಹುಲ್ಲು ಹಾಸಿ, ಬಾಣಂತಿಯನ್ನು ಕರೆತಂದ ಹಾಗೆ ಮೆಲ್ಲಗೆ ಮನೆಗೆ ತಂದರು. ತಂದದ್ದು ತಮ್ಮನ ಮಗಳು ಶಿವಕಾಂತಾಳಿಗಾಗಿ. ಅವಳ ಅಪ್ಪ ಜೇವರ್ಗಿಯಲ್ಲಿ ಮಾಸ್ತರ. ಹುಡುಗಿ ಬೆಳೆದದ್ದು ಮಾತ್ರ ಆಳಂದದ ದೊಡ್ಡ ಮನೆಯಲ್ಲಿ, ಆಯಿಯ, ಅಂದರೆ ಅಜ್ಜಿಯ, ತೊಡೆಯ ಮೇಲೆ, ರಾಕ್ಷಸರ ಮತ್ತು ಮಾತಾಡುವ ಕುಂಬಳಕಾಯಿಗಳ ನಡುವೆ. ಆಯಿ ತೀರಿಕೊಂಡ ಮೇಲೂ ಅವಳ ಕಥೆಗಳು ಹುಡುಗಿಯ ತಲೆ ಬಿಟ್ಟು ಹೋಗಲಿಲ್ಲ. ಗುಲಬರ್ಗಾದಲ್ಲಿ ಒಂದು ವರ್ಷ ಕಂಪ್ಯೂಟರ್ ಕಲಿತು ಬಂದರೂ, ಯಂತ್ರ ಗುರ್ ಅಂದಾಗಲೆಲ್ಲ ಒಳಗೆ ಶಾಪ ಹೊತ್ತ ಯಾರೋ ಮಗ್ಗಲು ಬದಲಿಸಿದರು ಅಂತಲೇ ಅವಳಿಗೆ ಅನ್ನಿಸುತ್ತಿತ್ತು.

ಅವಳು ಬರೆಯುತ್ತಿದ್ದ ಪ್ರೋಗ್ರಾಮೂ ಅಂಥದ್ದೇ. ಆ ಮನೆಯಲ್ಲಿ ಸೋದರಮಾವ, ಅತ್ತೆಮಗ, ಅಕ್ಕನ ಮಗಳು ಎಂದು ಒಳಗೊಳಗೇ ಲಗ್ನಗಳಾಗಿ, ಯಾರು ಯಾರಿಗೆ ಏನಾಗಬೇಕು ಅನ್ನುವುದು ಹೇಳಲಾಗದಷ್ಟು ಗೋಜಲಾಗಿತ್ತು. ಎರಡು ಹೆಸರು ಕೊಟ್ಟರೆ ಸಾಕು, ಮಾವ ಅನ್ನಬೇಕೋ ಕಾಕಾ ಅನ್ನಬೇಕೋ ಎಂದು ಕಂಪ್ಯೂಟರು ತಾನೇ ಹೇಳಬೇಕು ಅನ್ನುವುದು ಶಿವಕಾಂತಾಳ ಕನಸು. ಅದು ಸುತ್ತು ಹೊಡೆದು ಹೊಡೆದು ಕೊನೆಗೆ ಒಬ್ಬ ಮನುಷ್ಯನನ್ನು ಅವನಿಗೇ ಅಳಿಯನನ್ನಾಗಿ ಮಾಡಿ ನಿಂತುಬಿಡುತ್ತಿತ್ತು. ಆದರೂ ಅವಳು ಬಿಟ್ಟವಳಲ್ಲ. ಈ ಪೆಟ್ಟಿಗೆ ಹೋಯಿತೆಂದರೆ ಇನ್ನೊಂದು ಸಿಗುವುದು ಕನಸಿನ ಮಾತು.

ರಾಯರ ಹೆಂಡತಿ, ದೊಡ್ಡವ್ವ ಗಂಗಾಬಾಯಿಗೆ ಬೇಕಾದದ್ದು ಬೇರೆ. ಯಾವುದೋ ಕಚೇರಿಯ ಕಿಟಕಿಯಿಂದ ಒಬ್ಬ ಗುಮಾಸ್ತ ಕಂಪ್ಯೂಟರಿನಲ್ಲಿ ಒಬ್ಬನೇ ಇಸ್ಪೀಟು ಆಡುವುದನ್ನು ಅವಳು ಕಂಡಿದ್ದಳು. ಅವತ್ತಿನಿಂದ ಅದೇ ಜಪ.

"ಎಲಿ ತಾನ ಹಾಕ್ತದ, ತಾನ ಕಲಸ್ತದ ಬೇ. ಮೋಸ ಮಾಡಂಗಿಲ್ಲ. ಸೋಲಾಕತ್ತಿದ್ರ ನಿಮ್ಮ ದೊಡ್ಡಪ್ಪನಂಗ ಹೊಲಕ್ಕ ಹೋಗಿ ಬರ್ತೀನಿ ಅಂತ ಎದ್ದೂ ಹೋಗಂಗಿಲ್ಲ."

ಬಸವಂತರಾಯರು ಕೆಮ್ಮಿ ರುಮಾಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. "ನೋಡವ್ವ ಶಿವಕಾಂತಾ. ಬೀಸೂಕಲ್ಲು ಅದ, ಮನ್ಯಾಗಿನ ಎಲ್ಲಾರೂ ಬೀಸ್ತಾರ. ಈ ಪೆಟಗಿನೂ ಹಂಗ. ನೀನು ನಿನ್ನ ಬರಿಯೂದು ಬರೀಬೇಕು, ನಿಮ್ಮ ದೊಡ್ಡವ್ವ ಯಾರ ಸಹಾಯಾನೂ ಇಲ್ದ ತಾನ ತಗದು ತಾನ ಆಡಬೇಕು. ಇಬ್ಬರಿಗೂ ಒಂದ ಆಗಬೇಕು. ಶೀಗಿ ಹುಣ್ಣಿಮಿಗಿ ಜಗದೇವಪ್ಪ ಬರ್ತಾನ. ಅಷ್ಟರಾಗ ಆದ್ರ ಪೆಟಗಿ ನಿನ್ನದು. ಆಗ್ಲಿಲ್ಲಂದ್ರ ಅವನ ಟೆಂಪೋದಾಗ ಅಫಜಲಪುರಕ್ಕ."

ಜಗದೇವಪ್ಪ ಅಂದರೆ ಗಂಗಾಬಾಯಿಯ ತಮ್ಮ, ಅಫಜಲಪುರದಲ್ಲಿ ಸಿಮೆಂಟಿನ ಅಂಗಡಿಯವನು. ಅವನ ಹೆಂಡತಿ ಸುಮಿತ್ರಾಬಾಯಿ ಬಸವಂತರಾಯರ ತಂಗಿ. ಕೊಟ್ಟು ತಂದ ಸಂಬಂಧ. ಕಂಪ್ಯೂಟರು ಆಳಂದಕ್ಕೆ ಬಂದ ದಿನದಿಂದ ಅವನ ಕಣ್ಣು ಅದರ ಮೇಲೇ ಇತ್ತು. ಅಂಗಡಿಯ ಗಲ್ಲೆಯ ಮೇಲಿಟ್ಟರೆ ಗಿರಾಕಿಗಳು ಎದ್ದು ನಿಂತು ಮಾತಾಡುತ್ತಾರೆ ಎಂಬುದು ಅವನ ಲೆಕ್ಕ.

"ಮಾತ ಕೊಟ್ಟೆ ದೊಡ್ಡಪ್ಪಾ," ಅಂದಳು ಶಿವಕಾಂತಾ. ಆಯಿಯ ಕಥೆಗಳಲ್ಲಿ ಮಾತು ಕೊಟ್ಟವರಿಗೆಲ್ಲ ಏನೇನಾಯಿತು ಅನ್ನುವುದು ಅವಳಿಗೆ ಆಮೇಲೆ ನೆನಪಾಯಿತು.

ಅವಳು ಕಲಿತದ್ದು, ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಮೇಲೆ. ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಸಾಮಾನೆಲ್ಲ ಅದರಲ್ಲೇ ಇರುತ್ತದೆ, ಯಾರು ಬೇಕಾದರೂ ಯಾರಿಗೆ ಬೇಕಾದರೂ ಹಂಚಬಹುದು. ತೊಡಕೆಂದರೆ ಲಿನಕ್ಸ್ ಒಂದಲ್ಲ, ಹತ್ತಾರು.

"ಒಂದ ಇದ್ದದ್ದು ಹತ್ತ ಹ್ಯಾಂಗಾತು?" ಬಸವಂತರಾಯರು ಕೇಳಿದರು.

"ಜ್ವಾಳ ಒಂದ ಅಲ್ರಿ ದೊಡ್ಡಪ್ಪಾ? ಒಬ್ರ ಮನ್ಯಾಗ ಮೆತ್ತನ ರೊಟ್ಟಿ, ಒಬ್ರ ಮನ್ಯಾಗ ಕಡಕ್ ರೊಟ್ಟಿ, ಒಬ್ರು ಬರೇ ಹಿಟ್ಟ ಕೊಟ್ಟು ನೀವ ಬಡಕೋರಿ ಅಂತಾರ."

"ನಮಗ ಮೆತ್ತಂದು ತಾರವ್ವ," ಅಂದಳು ಗಂಗಾಬಾಯಿ. "ಹಲ್ಲಿಗಿ ತ್ರಾಸ ಆಗಬಾರ್ದು."

ಶಿವಕಾಂತಾ ಅಪ್ಪನನ್ನು ನೋಡುವ ನೆವದಲ್ಲಿ ಜೇವರ್ಗಿಯ ಬಸ್ಸು ಹತ್ತಿದಳು. ಅಲ್ಲಿ ಸಲಾವುದ್ದೀನ ಎಂಬಾತ ರೇಡಿಯೋ ರಿಪೇರಿ ಅಂಗಡಿಯ ಅರ್ಧದಲ್ಲಿ ಪರದೆ ಕಟ್ಟಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಲಿನಕ್ಸಿನ ಸಿ.ಡಿ. ಇಡೀ ಪ್ರಾಂತದಲ್ಲಿ ಅವನ ಹತ್ತಿರ ಮಾತ್ರ ಇದ್ದವು, ಅದಕ್ಕಾಗಿ ಅವನ ನಡಿಗೆಯೇ ಬೇರೆಯಾಗಿತ್ತು.

"ಸ್ಲ್ಯಾಕ್‌ವೇರ್ ತಗೋ ಬೇಟಾ," ಎಂದು ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು ಅಂದ. "ಅಸಲಿ ಮಾಲು. ಎಲ್ಲಾ ನೀನ ಕೈಲೆ ಬರೀಬೇಕು. ಅದು ಏನೂ ಕೇಳಂಗಿಲ್ಲ, ನೀ ಹೇಳಿದ್ದ ಮಾಡ್ತದ."

"ನಮ್ಮ ದೊಡ್ಡವ್ವಗ ಇಸ್ಪೀಟು ಆಡೂದದರಿ ಚಾಚಾ."

ಸಲಾವುದ್ದೀನ ಕಿವಿಗೆ ಬಿಸಿ ಬೆಸುಗೆ ತಾಕಿದವನ ಹಾಗೆ ಹಿಂದೆ ಸರಿದ. "ಸ್ಲ್ಯಾಕ್‌ವೇರ್ ಮ್ಯಾಲ ಇಸ್ಪೀಟಾ! ತೌಬಾ ತೌಬಾ. ಇದೂ ಒಯ್ಯಿ, ಡೆಬಿಯನ್. ಎರಡರಾಗ ಯಾವ್ದರ ಒಂದು ನಿಮ್ಮ ದೊಡ್ಡವ್ವಗ ಬುದ್ಧಿ ಕಲಸ್ತದ."

ಬುದ್ಧಿ ಯಾರಿಗೆ ಬಂತು ಅನ್ನುವುದು ಮುಂದಿನ ಮಾತು.

ಮೊದಲು ಸ್ಲ್ಯಾಕ್‌ವೇರ್ ಹಾಕಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು. ಯಂತ್ರ ಹೆಸರು ಕೇಳಿತು. ಯಾರ ಹೆಸರು ಕೊಡಬೇಕು ಅನ್ನುವಲ್ಲಿಂದ ಗೊಂದಲ ಶುರು.

"ನಂದ ಹಾಕು," ಅಂದರು ಬಸವಂತರಾಯರು, ಕೇಳುವ ಮೊದಲೇ. "ಪಂಪಸೆಟ್ಟಿನ ಮೀಟರ ನನ್ನ ಹೆಸರಲೆ ಅದ, ರೇಶನ್ ಕಾರ್ಡ ನನ್ನ ಹೆಸರಲೆ ಅದ. ಇದೇನ ಪಾಪ ಮಾಡ್ಯದ?"

"ದೊಡ್ಡವ್ವಗ ಬ್ಯಾರೆ, ನನಗ ಬ್ಯಾರೆ ಹೆಸರ ಇಟ್ರ ಛಲೋರಿ. ಒಬ್ಬೊಬ್ಬರಿಗಿ ಒಂದೊಂದು ಖೋಲಿ ಇದ್ದಂಗ. ಒಬ್ಬರದ್ರಾಗ ಇನ್ನೊಬ್ಬರು ಕೈ ಹಾಕಂಗಿಲ್ಲ."

ರಾಯರ ಮೀಸೆ ನಡುಗಿತು. "ಬ್ಯಾರೆ ಬ್ಯಾರೆ? ನನ್ನ ಜೀವ ಇರೂತನಕ ಈ ಮನ್ಯಾಗ ಪಾಲು ಆಗಂಗಿಲ್ಲ! ಒಂದ ಮನಿ, ಒಂದ ಒಲಿ, ಒಂದ ಹೆಸರು!"

ಹಾಗಾಗಿ ಯಜಮಾನರ ಹೆಸರೇ ಬಿತ್ತು. ಆದರೆ ಆ ಯಂತ್ರಕ್ಕೆ ಉದ್ದ ಹೆಸರು ಹಿಡಿಸುವುದಿಲ್ಲ. 'ರಾಯ' ಹಿಡಿಸದೆ ಬರೀ 'ಬಸವಂತ' ಉಳಿಯಿತು. ರಾಯರು ಒಂದು ಹೊತ್ತು ಮುನಿಸಿಕೊಂಡು, ಪರದೆಯ ಮೇಲೆ ಹೆಸರು ಮಿಂಚುವುದನ್ನು ನೋಡಿ ಒಲಿದರು. ಆಮೇಲೆ ಬಂದವರಿಗೆಲ್ಲ ಚಹಾದ ಜೊತೆ ಅದನ್ನೂ ತೋರಿಸತೊಡಗಿದರು.

ಗಂಗಾಬಾಯಿಯನ್ನು ಮಣೆಯ ಮೇಲೆ ಕೂರಿಸಿ ಶಿವಕಾಂತಾ ಹೇಳಿದಳು: "ದೊಡ್ಡವ್ವಾ, ಇಲ್ಲಿ ದೊಡ್ಡಪ್ಪನ ಹೆಸರ ಒತ್ತು."

ಗಂಗಾಬಾಯಿ ಸೆರಗು ತಲೆಯ ಮೇಲೆಳೆದುಕೊಂಡಳು. "ಏನಂದಿ? ನಾ ಅವರ ಹೆಸರ ಹೇಳ್ಲ್ಯಾ?"

"ಬಾಯಿಲೆ ಹೇಳೂದಲ್ಲ, ಬೆರಳಿಲೆ ಒತ್ತೂದು."

"ಬೆರಳ ಯಾರ್ದು ಬೇ? ನಂದ ಅಲ್ಲ? ಬಾಯಿಗಿದ್ದ ಮರ್ಯಾದಿ ಬೆರಳಿಗಿಲ್ಲನ? ಅದರಾಗ ರಾಯ ಬ್ಯಾರೆ ಕತ್ತರಿಸೀದಿ. ಎಮ್ಮಿ ಕಾಯೋ ಹುಡುಗನ್ನ ಕರದಂಗ ಕರೀಲ್ಯಾ ಅವರನ್ನ?"

ಗಂಡನ ಹೆಸರನ್ನು ಹೆಂಡತಿ ಹೇಳಬೇಕಾದರೆ ಆ ಸೀಮೆಯಲ್ಲಿ ಒಂದೇ ದಾರಿ: ಒಡಪು. ಪ್ರಾಸದ ಮಾತು ಕಟ್ಟಿ, ಅದರೊಳಗೆ ಹೆಸರನ್ನು ಮುಚ್ಚಿಟ್ಟು ಹೇಳಿದರೆ ತಪ್ಪಿಲ್ಲ. ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ನಾದಿನಿಯರು ಹೇಳಿಸುವುದೂ ಇದನ್ನೇ. ಒಡಪಿನಲ್ಲಿ ಗಂಗಾಬಾಯಿಗೆ ಸರಿಗಟ್ಟುವವರು ಆಳಂದದಲ್ಲಿ ಇರಲಿಲ್ಲ. ಉಳಿದವರು ಹೆಸರನ್ನು ಕೊನೆಗೆ ಹೇಳಿ ಓಡಿಹೋದರೆ, ಗಂಗಾಬಾಯಿ ಹೆಸರನ್ನು ನಡುವೆ ಇಟ್ಟು, ನತ್ತಿನ ಮುತ್ತಿನ ಹಾಗೆ, ಎರಡೂ ಕಡೆ ಮಾತು ಪೋಣಿಸುತ್ತಿದ್ದಳು.

"ಒಡಪ ಹೇಳಿ ಒತ್ತತೇನಿ," ಎಂದು ಅವಳು ಗಂಟಲು ಸರಿಮಾಡಿಕೊಂಡಳು.

"ಭೀಮಾ ಹೊಳಿ ದಂಡ್ಯಾಗ ಬಿಳಿಜ್ವಾಳದ ರಾಶಿ,
ರಾಶಿ ಕಾಯೋ ಧಣಿಗಿ ರುಮಾಲಂದ್ರ ಖುಷಿ,
ರುಮಾಲ ಸುತ್ತಿ ಪಡಸಾಲ್ಯಾಗ ಕುಂತೋರು ಯಾರು?
ನಮ್ಮ ಬಸವಂತರಾಯರು!"

ಹೆಸರು ಬಂದ ಉಸಿರಿನಲ್ಲೇ ಶಿವಕಾಂತಾ ತೋರಿಸಿದ ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. ಯಂತ್ರ ಹೆಸರು ತೆಗೆದುಕೊಂಡು ಗುಟ್ಟಿನ ಮಾತು ಕೇಳಿತು.

"ಈಗ ಪಾಸ್‌ವರ್ಡ್ ಒತ್ತು ದೊಡ್ಡವ್ವಾ. ಜಲ್ದಿ."

"ತಡಿ. ಇನ್ನಾ ಅರ್ಧ ಅದ. ಹೆಸರನ್ನ ಹಂಗ ಬರೀ ಮೈಲೆ ಬಿಟ್ಟು ಹೋಗ್ತಾರೇನು?"

"ಹೇಳಿದ ಬಾಯಿಗಿ ಬೆಲ್ಲದ ಚೂರು,
ಕೇಳಿದ ಮನಿಗಿ ಹಾಲು ಮಸರು..." ಎಂದು ಹಿಡಿದು ಅವಳು ಓಣಿಯ ಆಕಳುಗಳನ್ನು ಹರಸಿದಳು, ಆಕಳ ಕರುಗಳನ್ನು ಹರಸಿದಳು, ಎದುರುಮನೆಯ ಅಳಿಯನ ಮೊಣಕಾಲು ನೋವು ವಾಸಿಯಾಗಲೆಂದು ಹರಸುತ್ತಿದ್ದಾಗ ಯಂತ್ರ ಟಕ್ಕನೆ ಮಾತು ಮುರಿದು, ಹೊತ್ತು ಮೀರಿತು ಎಂದು ಇಂಗ್ಲಿಷಿನಲ್ಲಿ ಬರೆದು, ಮತ್ತೆ ಮೊದಲಿನಿಂದ ಹೆಸರು ಕೇಳಿತು. ಹೆಸರು ಕೊಟ್ಟ ಮೇಲೆ ಅದು ಕಾಯುವುದು ಒಂದೇ ನಿಮಿಷ.

"ನಡುವ ಬಾಯಿ ಹಾಕ್ತದ," ಅಂದಳು ಗಂಗಾಬಾಯಿ, ಮೂಗಿನ ಮೇಲೆ ಬೆರಳಿಟ್ಟು. "ಯಾರ ಮನ್ಯಾಗ ಬೆಳದದ್ದಿದು?"

ಶಿವಕಾಂತಾ ಒಳಗಿನ ಕಡತವೊಂದನ್ನು ತಿದ್ದಿ ಕಾಯುವ ಹೊತ್ತನ್ನು ಹೆಚ್ಚಿಸಿದಳು. ಅದರಿಂದ ಇನ್ನೂ ಕೆಟ್ಟಿತು. ಹೊತ್ತು ಸಿಕ್ಕಿತೆಂದು ಗಂಗಾಬಾಯಿ ಒಡಪನ್ನು ಭೀಮೆಯ ಗುಂಟ ಸೊನ್ನದವರೆಗೂ ಹರಿಸಿದಳು. ಒಮ್ಮೆ ಹೇಗೋ ಎಲ್ಲ ಮುಗಿದು ಒಳಗೆ ಹೋದರೆ, ಅಲ್ಲಿ ಇಸ್ಪೀಟಿಲ್ಲ. ಮತ್ತೆ ಕಪ್ಪು ಪರದೆ, ಮತ್ತೆ ಒಂದು ಬಿಳಿ ಗೆರೆ ಮಿಣಕ್ ಮಿಣಕ್. ಇಸ್ಪೀಟಿಗೆ ಇನ್ನೊಂದು ಆಜ್ಞೆ ಬರೆಯಬೇಕು.

"ಶಿವಕಾಂತಾ, ಇದು ಮನಿ ಅಲ್ಲ ಬೇ, ನೆಲದಾಗ ತೋಡಿದ ಹಗೇವು. ಜ್ವಾಳ ಎಲ್ಲಿ ಅದ ಅಂತ ಕೈ ಹಾಕಿ ಹುಡುಕಬೇಕು."

ಶಿವಕಾಂತಾಳಿಗೇನೋ ಆ ಹಗೇವು ಬಹಳ ಸೇರಿತ್ತು. ಅಲ್ಲಿ ಅವಳ ಪ್ರೋಗ್ರಾಂ ಮೊದಲ ಸಲ ಬಸವಂತರಾಯರನ್ನು ಅವರಿಗೇ ಅಳಿಯನನ್ನಾಗಿ ಮಾಡದೆ ಮುಗಿದಿತ್ತು. ಆದರೂ ಕೊಟ್ಟ ಮಾತು. ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ತೆಗೆದಿಟ್ಟು, ಸ್ಲ್ಯಾಕ್‌ವೇರ್ ಅಳಿಸಿ ಡೆಬಿಯನ್ ಹಾಕತೊಡಗಿದಳು.

ಡೆಬಿಯನ್ ಪ್ರಶ್ನೆ ಕೇಳಿತು. ಇದು ಬೇಕೋ ಅದು ಬೇಕೋ, ಇದು ಬೇಕಾದರೆ ಅದೂ ಬೇಕಾಗುತ್ತದೆ, ಅದು ಬಂದರೆ ಇದು ಕೂಡದು, ಏನಂತೀರಿ? ಗಂಗಾಬಾಯಿಗೆ ಇದು ಬಹಳ ಹಿಡಿಸಿತು.

"ಇದು ನೋಡು ದೊಡ್ಡ ಮನಿತನದ್ದು. ಬೀಗರು ಕುಂತು ಮಾತಾಡಿದಂಗ ಒಂದೊಂದೂ ಕೇಳಿ ಮಾಡ್ತದ. ಏನ ಕೇಳ್ತದ ಈಗ?"

"ನಮ್ಮ ಹತ್ರ ಯಾವ ನಮೂನಿ ಮೌಸ್ ಅದ ಅಂತ ಕೇಳ್ತದ."

"ಸಣ್ಣದಂತ ಹೇಳು."

ಎಲ್ಲ ಮುಗಿಯುವ ಹೊತ್ತಿಗೆ ಮನೆಯವರು ಎರಡು ಸಲ ಊಟ ಮಾಡಿದ್ದರು. ಈ ಸಲ ಶಿವಕಾಂತಾ ಬಣ್ಣದ ಪರದೆಯನ್ನೇ ಮೊದಲಿಗೆ ಬರುವಂತೆ ಕೂರಿಸಿದ್ದಳು. ನಡುವೆ ಒಂದು ಚೌಕ, ಅದರಲ್ಲಿ ಹೆಸರು ಬರೆಯುವ ಜಾಗ. ಅದು ಅವಸರ ಮಾಡಲಿಲ್ಲ. ಒಡಪು ಮುಗಿಯುವವರೆಗೂ ಮಿಟುಕದೆ ಕಾದು ಕೂತಿತು. ಒಳಗೆ ಇಸ್ಪೀಟೂ ಇತ್ತು. ಗಂಗಾಬಾಯಿ ಒಂದು ಆಟ ಆಡಿ, ಸೋತು, ಯಂತ್ರ ಎದ್ದು ಹೋಗಲಿಲ್ಲವೆಂದು ಸಂತೋಷಪಟ್ಟಳು. ಶಿವಕಾಂತಾ ಗೆದ್ದೆ ಅಂದುಕೊಂಡಳು.

ಅವಳ ಎಣಿಕೆಯಲ್ಲಿ ಆಳಂದದ ಕರೆಂಟು ಇರಲಿಲ್ಲ. ಮುಂಜಾನೆ ಹೋಗುತ್ತಿತ್ತು, ಬಂದು ಮುಖ ತೋರಿಸಿ ಮತ್ತೆ ಹೋಗುತ್ತಿತ್ತು. ಹೋಗಿ ಬಂದಾಗಲೆಲ್ಲ ಯಂತ್ರ ಮೊದಲಿನಿಂದ ಹೆಸರು ಕೇಳಬೇಕು. ಮತ್ತು ಗಂಗಾಬಾಯಿಗೆ ಒಂದು ಛಲ ಇತ್ತು: ಒಂದು ಸಲ ಹೇಳಿದ ಒಡಪನ್ನು ಅದೇ ಕಿವಿಯ ಮುಂದೆ ಎರಡನೇ ಸಲ ಹೇಳಿದವಳಲ್ಲ.

"ಯಂತ್ರಕ್ಕ ಕಿವಿ ಇಲ್ಲ ದೊಡ್ಡವ್ವಾ!"

"ಹಂಗಂತ ತಂಗಳದ್ದ ಬಡಸ್ತಾರೇನು?"

ಮೊದಮೊದಲು ಮಲ್ಲಿಗೆ, ಮುತ್ತು, ಹೊಳೆ, ಬೆಳದಿಂಗಳಿನ ಒಡಪುಗಳು ಬಂದವು. ಕರೆಂಟು ಬಿಡಲಿಲ್ಲ. ದಿನ ಕಳೆದಂತೆ ಅವು ಅಂಗಳಕ್ಕೆ ಇಳಿದವು, ಆಮೇಲೆ ಅಡುಗೆಮನೆಗೆ. ಉಳ್ಳಾಗಡ್ಡಿಯ ಒಡಪು ಬಂತು, ಹುಣಸೆಹಣ್ಣಿನದು ಬಂತು. "ಮೂಲ್ಯಾಗ ಕಸಬರಗಿ, ಅದರ ಮ್ಯಾಲ ಜಿರಳಿ, ನಮ್ಮ ಬಸವಂತರಾಯರ ಹೆಸರ ಹೇಳ್ತೇನಿ ಹೊರಳಿ ಹೊರಳಿ" ಎಂದ ದಿನ ಬಸವಂತರಾಯರು ಪಡಸಾಲೆಯಿಂದ ಎದ್ದು ಹೊರಗೆ ಹೋದರು. ಅವತ್ತು ಸಂಜೆ ಗಂಗಾಬಾಯಿ ಕಂಪ್ಯೂಟರಿನ ಮೇಲೆ ಕಸೂತಿಯ ವಸ್ತ್ರ ಮುಚ್ಚಿದಳು.

"ನನ್ನ ಒಡಪು ತೀರಿದ್ವು ಶಿವಕಾಂತಾ. ಇಡೀ ಬಾಳೇವಕ್ಕ ಅಂತ ಇಟಗೊಂಡಿದ್ದೆ, ಎಲ್ಲಾ ಇದರ ಬಾಯಿಗಿ ಹೋದ್ವು. ಅಫಜಲಪುರಕ್ಕ ಕಳಸಿಬಿಡು."

ಶೀಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಶಿವಕಾಂತಾಳಿಗೆ ಊಟ ಸೇರಲಿಲ್ಲ. ಮನಸ್ಸು ಹಗುರಾಗಲೆಂದು ಬಸವಂತರಾಯರು ಅವಳನ್ನು ಜೀಪಿನಲ್ಲಿ ಖಜೂರಿಯ ಹೊಲಕ್ಕೆ ಕರೆದೊಯ್ದರು. ಅಲ್ಲಿ ಮಹಾರಾಷ್ಟ್ರದ ದಾರಿಯಲ್ಲಿ ಚಹಾದಂಗಡಿ, ಅದರ ಮುಂದೆ ಸಾಲು ಲಾರಿ. ಆ ಊರಿನವನೇ ಆದ ಚಂದ್ರಾಮ ಎಂಬ ಡ್ರೈವರ್ ತನ್ನ ಲಾರಿಯ ಹಣೆಗೆ ನಿಂಬೆಹಣ್ಣು, ಮೆಣಸಿನಕಾಯಿ, ಮತ್ತು ಅವುಗಳ ಕೆಳಗೆ ಒಂದು ಸಿ.ಡಿ. ಕಟ್ಟಿದ್ದ. ಗಾಳಿಗೆ ಅದು ತಿರುಗಿದಾಗ ಶಿವಕಾಂತಾ ಅಕ್ಷರ ಓದಿದಳು: ಲಿನಕ್ಸ್ ಮ್ಯಾಂಡ್ರೇಕ್, ಅವಳಿನ್ನೂ ಹಾಕಿ ನೋಡದ ಮೂರನೆಯ ನಮೂನೆ.

ಆಯಿಯ ಕಥೆಯಲ್ಲಾದರೆ ಇಂಥ ಹೊತ್ತಿಗೆ ಗಿಳಿ ಮಾತಾಡುತ್ತದೆ. ಇಲ್ಲಿ ಚಂದ್ರಾಮನೇ ಮಾತಾಡಿದ.

"ಅದೇನ ನೋಡ್ತೀರಿ ಅಕ್ಕಾರ? ಸೊಲ್ಲಾಪುರದಾಗ ಯಾರೋ ಪುಸ್ತಕದ ರದ್ದಿ ಹೇರಿದ್ರು, ಅದರಾಗ ಬಿದ್ದಿತ್ತು. ಬಿಸಲಿಗಿ ಹ್ಯಾಂಗ ಹೊಳೀತದ ನೋಡ್ರಿ. ಇದು ಕಟ್ಟಿದಾಗಿಂದ ಪಂಕ್ಚರ್ ಸೈತ ಆಗಿಲ್ಲ."

"ಅಣ್ಣಾ, ಇದು ನನಗ ಬೇಕಾಗಿತ್ತು."

"ದೃಷ್ಟಿ ತಾಗಿದ್ರ ಯಾರು ನೋಡಬೇಕ್ರಿ?"

ಶಿವಕಾಂತಾ ಚೀಲದಿಂದ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ತೆಗೆದು ಮುಂದೆ ಹಿಡಿದಳು. "ಇವೆರಡರಾಗ ಒಂದು ಬದಲಿ ತಗೋರಿ."

ಚಂದ್ರಾಮ ಎರಡನ್ನೂ ಬಿಸಿಲಿಗೆ ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದ. ಚಹಾ ಕುಡಿಯುತ್ತಿದ್ದ ಇನ್ನಿಬ್ಬರು ಡ್ರೈವರುಗಳೂ ಬಂದು ಅಭಿಪ್ರಾಯ ಕೊಟ್ಟರು. ಒಬ್ಬ ಸ್ಲ್ಯಾಕ್‌ವೇರಿನ ಕಡೆ, ಒಬ್ಬ ಡೆಬಿಯನ್ನಿನ ಕಡೆ, ಧ್ವನಿ ಏರಿತು. ಎರಡರಲ್ಲಿ ಯಾವುದು ಮೇಲೆಂದು ದೊಡ್ಡ ದೊಡ್ಡ ಊರುಗಳಲ್ಲಿ ಓದಿದವರು ಜಗಳಾಡುವುದನ್ನು ಶಿವಕಾಂತಾ ಕೇಳಿದ್ದಳು, ಇಷ್ಟು ಮನಸ್ಸಿಟ್ಟು ಜಗಳಾಡಿದ್ದನ್ನು ಕೇಳಿರಲಿಲ್ಲ. ಕೊನೆಗೆ ಡೆಬಿಯನ್‌ಗೆ ಹೊಳಪು ಹೆಚ್ಚು ಅಂತ ತೀರ್ಮಾನವಾಗಿ ಅದೇ ನಿಂಬೆಹಣ್ಣಿನ ಕೆಳಗೆ ಏರಿತು.

ಮನೆಗೆ ಬಂದು ಧೂಳು ಒರೆಸಿ ಮ್ಯಾಂಡ್ರೇಕ್ ಹಾಕಿದಳು. ಪ್ರೋಗ್ರಾಂ ಬರೆಯುವ ಸಾಮಾನೂ ಬೇಕು, ಆಟವೂ ಬೇಕು ಎಂದು ಎರಡನ್ನೂ ಗುರುತು ಹಾಕಿದಳು. ಯಂತ್ರ ಎದ್ದು ಕೂತಾಗ ಹೆಸರಿನ ಚೌಕ ಬಂತು. ಅದರ ಮೇಲೆ ಹೊಸದೊಂದು: ಮನುಷ್ಯನ ಸಣ್ಣ ಚಿತ್ರ, ಕೆಳಗೆ 'ಬಸವಂತ'. ಶಿವಕಾಂತಾ ಸುಮ್ಮನೆ ಆ ಚಿತ್ರದ ಮೇಲೆ ಒತ್ತಿದಳು. ಹೆಸರು ತಾನಾಗಿ ಚೌಕದಲ್ಲಿ ಬರೆದುಕೊಂಡಿತು.

ಅವಳು ಕೂಗಿದ ಕೂಗಿಗೆ ಗಂಗಾಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಹೆಸರ ಒತ್ತೂದು ಬ್ಯಾಡ ದೊಡ್ಡವ್ವಾ! ಚಿತ್ರ ಮುಟ್ಟಿದ್ರ ಸಾಕು, ಹೆಸರ ಅದ ಹೇಳ್ತದ!"

ಗಂಗಾಬಾಯಿ ಚಿತ್ರವನ್ನು ಹತ್ತಿರದಿಂದ ನೋಡಿದಳು. "ಇವ ಯಾವನ? ಬೋಳತಲಿ. ಪರಗಂಡಸನ್ನ ಮುಟ್ಟಂತೀಯೇನು?"

ಚಿತ್ರವನ್ನು ಬದಲಿಸಬಹುದಿತ್ತು. ಚೌಕುಳಿ ಚೌಕುಳಿಯಾದ ಕಾಗದದ ಹಾಗೆ ಒಂದು ಪರದೆ ತೆರೆದು, ಒಂದೊಂದು ಚೌಕಕ್ಕೂ ಬಣ್ಣ ತುಂಬಬೇಕು. ಚುಕ್ಕಿ ಎಣಿಸಿ ರಂಗೋಲಿ ಹಾಕಿದ ಕೈಗೆ ಅದೇನು ದೊಡ್ಡದು? ಹೆಸರಿನ ಗೊಡವೆ ಶಿವಕಾಂತಾ ನೋಡಿಕೊಂಡಳು. ಗಂಗಾಬಾಯಿ ಮೌಸನ್ನು ಲಟ್ಟಣಿಗೆಯ ಹಾಗೆ ಹಿಡಿದು, ರುಮಾಲಿನಿಂದ ಹಿಡಿದು ಮೀಸೆಯ ತುದಿಯವರೆಗೆ ಗಂಡನನ್ನು ಒಂದೊಂದೇ ಚೌಕದಲ್ಲಿ ತುಂಬಿದಳು.

"ನನ್ನ ಮೂಗ ಇಷ್ಟ ದೊಡ್ಡದದೇನ?" ಬಸವಂತರಾಯರು ಕನ್ನಡಿ ತರಿಸಿದರು.

"ಕಮ್ಮಿನ ಮಾಡೇನ್ರಿ," ಅಂದಳು ಗಂಗಾಬಾಯಿ. "ಜಾಗಾ ಸಾಲ್ಲಿಲ್ಲ."

ಹುಣ್ಣಿಮೆಯ ದಿನ ಹೊಲದಲ್ಲಿ ಬೆಳೆಗೆ ಚರಗದ ಎಡೆ ಚೆಲ್ಲಿ ಬಂದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ಜಗದೇವಪ್ಪ ಟೆಂಪೋ ಜೊತೆಗೆ ಹಗ್ಗವನ್ನೂ ತಂದಿದ್ದ. ಸುಮಿತ್ರಾಬಾಯಿ ತನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಒಡಪು ಯಂತ್ರದ ಮುಂದೆ ತೀರಿದ ಸುದ್ದಿ ಕೇಳಿಕೊಂಡೇ ಬಂದಿದ್ದಳು. ಓಣಿಯ ಹೆಂಗಸರನ್ನೆಲ್ಲ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದಳು.

"ತಗೀರಿ ವೈನಿ, ತಗೀರಿ. ಏನ ಒಡಪ ಹಾಕ್ತೀರಿ ಇವತ್ತ? ಜಿರಳಿದೋ, ತಗಣಿದೋ?"

"ಒಡಪಿನ ಕೆಲಸಿಲ್ಲ ಸುಮಿತ್ರಾ. ಸುಮ್ನ ನೋಡು."

ಗಂಗಾಬಾಯಿ ಸೆರಗು ಹೊದ್ದು ಕೂತಳು. ಪರದೆಯ ಮೇಲೆ ಬಸವಂತರಾಯರ ಮುಖ ಮೂಡಿತು, ಹೆಂಗಸರು "ಅಯ್ಯಯ್ಯ, ಅವರಾ!" ಅಂದರು. ಬಾಣದ ಗುರುತು ತೆವಳುತ್ತ ತೆವಳುತ್ತ ಹೋಗಿ ರಾಯರ ಗಲ್ಲದ ಮೇಲೆ ನಿಂತಿತು. ಗಂಗಾಬಾಯಿ ಬೆರಳು ಎತ್ತಿದಳು.

"ಅವ್ವಯ್ಯ!" ಸುಮಿತ್ರಾಬಾಯಿ ಕಿರುಚಿದಳು. "ಇಷ್ಟ ಮಂದಿ ಮುಂದ ಗಂಡನ ಗಲ್ಲ ಹಿಡೀತೀರಲ್ರಿ ವೈನಿ!"

ಪಡಸಾಲೆಯಲ್ಲಿ ನಗೆ ಸಿಡಿಯಿತು. ಗಂಗಾಬಾಯಿ ಕಾದ ಹಂಚು ಮುಟ್ಟಿದವಳ ಹಾಗೆ ಕೈ ಎಳೆದುಕೊಂಡು ಸೆರಗಿನಲ್ಲಿ ಮುಖ ಮುಚ್ಚಿದಳು. ಬಸವಂತರಾಯರು ಜಂತಿಗಳನ್ನು ಎಣಿಸುವವರ ಹಾಗೆ ಮೇಲೆ ನೋಡಿದರು. ಅವರ ಕಿವಿ ಕೆಂಪಾಗಿತ್ತು.

"ಹಂಗಾರ ರುಮಾಲ ಮುಟ್ಟು ದೊಡ್ಡವ್ವಾ," ಎಂದು ಶಿವಕಾಂತಾ ಪಿಸುಗುಟ್ಟಿದಳು.

"ಗಂಡಸರ ರುಮಾಲಿಗಿ ಕೈ ಹಾಕ್ಲ್ಯಾ? ಅದು ಇನ್ನಾ ಕೆಟ್ಟದ್ದು."

ಮೀಸೆ ಕೂಡದು, ಮೂಗು ಕೂಡದು. ಜಗದೇವಪ್ಪ ಹಗ್ಗದ ಗಂಟು ಬಿಚ್ಚತೊಡಗಿದ. "ಭಾವಾರ, ಹೊತ್ತ ಮುಳುಗೂದ್ರಾಗ ಹೇರಿಬಿಡ್ತೇನ್ರಿ. ಇದಕ್ಕ ಅಫಜಲಪುರದ ನೀರ ಬೇಕಾಗ್ಯದ."

ಹಗ್ಗ ಪೆಟ್ಟಿಗೆಯ ಸುತ್ತ ಬೀಳುವುದನ್ನು ಶಿವಕಾಂತಾ ನೋಡಿದಳು. ಒಳಗಿನ ಮಾವಂದಿರು, ಕಾಕಾಗಳು, ಅರ್ಧ ಬರೆದ ಅತ್ತೆಯರು ಎಲ್ಲರೂ ಟೆಂಪೋ ಹತ್ತಿ ಹೋಗುತ್ತಿದ್ದಾರೆ. ತಲೆ ತಗ್ಗಿಸಿದಳು. ತಗ್ಗಿಸಿದಲ್ಲಿ ಕಂಡದ್ದು ದೊಡ್ಡಪ್ಪನ ಬರಿಗಾಲು.

"ಅತ್ತೀ," ಎಂದು ಅವಳು ಸುಮಿತ್ರಾಬಾಯಿಯ ಕಡೆ ತಿರುಗಿದಳು. "ಹಬ್ಬದ ದಿನ ದೊಡ್ಡವ್ವ ದೊಡ್ಡಪ್ಪಂದು ಏನ ಮುಟ್ಟತಾಳ್ರಿ?"

"ಏನ ಅಂದ್ರ? ಪಾದ ಮುಟ್ಟತಾಳ."

"ಎಲ್ಲಾರ ಮುಂದ?"

"ಪಾದಕ್ಕ ಯಾರ ಬ್ಯಾಡಂತಾರ ಬೇ!"

"ಹಗ್ಗ ಬಿಡ್ರಿ ಮಾವಾ," ಅಂದಳು ಶಿವಕಾಂತಾ, ಮತ್ತು ಕೂತಳು.

ಯಂತ್ರದೊಳಗೆ ಹೋಗಿ ಚೌಕುಳಿಯ ಪರದೆ ತೆರೆದಳು. ಜಾಗ ಅಂಗೈಯಷ್ಟೂ ಇಲ್ಲ; ಕಾಲು ಬರಬೇಕಾದರೆ ಮುಖ ಸಣ್ಣದಾಗಬೇಕು. ಕರಗಿಸಿ ಕರಗಿಸಿ ಮುಖ ಜೋಳದ ಕಾಳಿನಷ್ಟಾಯಿತು, ಮೂಗು ಹೋಯಿತು, ಮೀಸೆ ಒಂದು ಚುಕ್ಕೆಯಾಗಿ ಉಳಿಯಿತು. ಕೆಳಗೆ ಎರಡು ಭಾರೀ ಪಾದಗಳು ಎದ್ದವು. ಈಗ ಇಡೀ ಪಡಸಾಲೆ ಅವಳ ಬೆನ್ನ ಹಿಂದೆ ನಿಂತು ಬಗ್ಗಿತ್ತು.

"ಬಲಗಾಲ ಜರಾ ಮುಂದ ಇಡು," ಅಂದಳು ಗಂಗಾಬಾಯಿ, ಸೆರಗಿನ ಸಂದಿಯಿಂದ.

"ಚಪ್ಪಲಿ ಹಾಕ್ಲ್ಯಾ?"

"ಥೂ, ಪಡಸಾಲ್ಯಾಗ ಚಪ್ಪಲಿ? ಬೆರಳ ಬರೋಬ್ಬರಿ ಹಾಕು. ಅವರ ಕಿರಿಬೆರಳ ಒಳಗ ಮಡಚ್ಯದ."

"ನನ್ನ ಮಾರಿ ಎಲ್ಲಿ ಹೋತು?" ಬಸವಂತರಾಯರು ಕೇಳಿದರು.

"ಇರ್ಲಿ ಬಿಡ್ರಿ," ಅಂದಳು ಅವರ ಹೆಂಡತಿ. "ಮಾರಿ ದಿನಾ ನೋಡ್ತೇನಿ."

ಜಗದೇವಪ್ಪ ತಕರಾರು ತೆಗೆದ. "ಭಾವಾರ, ಯಾರ ಸಹಾಯಾನೂ ಇಲ್ದ ಅಂತಂದಿದ್ರಿ. ಈಕಿ ಕಾಲ ಬರದು ಕೊಟ್ಳಲ್ರಿ, ಅದು ಸಹಾಯ ಅಲ್ಲೇನು?"

ಬಸವಂತರಾಯರು ತಮ್ಮ ಪಾದಗಳನ್ನು ನೋಡಿಕೊಂಡರು, ಪರದೆಯ ಪಾದಗಳನ್ನು ನೋಡಿದರು. "ಕಾಲು ನನ್ನವು. ಇದ್ದ ಕಾಲ ಬರದಾಳ, ಹೊಸವ ತಂದು ಹಚ್ಚಿಲ್ಲ. ನಡೀತದ."

ಶಿವಕಾಂತಾ ಎದ್ದು ಗೋಡೆಗೆ ಒರಗಿ ನಿಂತಳು. ಯಂತ್ರ ಮೊದಲಿನಿಂದ ಹೆಸರು ಕೇಳಿತು. ಗಂಗಾಬಾಯಿ ಮಣೆಯ ಮೇಲೆ ಕೂತು, ಬಾಣವನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ, ಬಲಪಾದದ ಮೇಲೆ ನಿಲ್ಲಿಸಿ, ಬಾಗಿ ಒತ್ತಿದಳು. ಒತ್ತಿದ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಚೌಕದಲ್ಲಿ ಹೆಸರು ಸದ್ದಿಲ್ಲದೆ ಮೂಡಿತು. ಹೆಂಗಸರಲ್ಲಿ ಒಬ್ಬಳು ತನಗರಿವಿಲ್ಲದೆ ತಾನೂ ಕೈ ಮುಗಿದಳು. ಗುಟ್ಟಿನ ಮಾತನ್ನು ಗಂಗಾಬಾಯಿ ಒಂದೊಂದೇ ಗುಂಡಿ ಹುಡುಕಿ ಒತ್ತಿದಳು, ಪರದೆ ತೆರೆಯಿತು, ಎಲೆಗಳು ಸಾಲಾಗಿ ಬಿದ್ದವು.

ಸುಮಿತ್ರಾಬಾಯಿ ಎಲೆ ನೋಡಲು ಹತ್ತಿರ ಸರಿದಳು.

ಆಟ ಹಾಗೇ ನಡೆಯುತ್ತಿರುವಾಗ ಶಿವಕಾಂತಾ ಮಗ್ಗುಲಲ್ಲಿ ಕೂತು, ಇನ್ನೊಂದು ಕಿಟಕಿ ತೆರೆದು ತನ್ನ ಪ್ರೋಗ್ರಾಂ ಓಡಿಸಿದಳು. ಜಗದೇವಪ್ಪನ ಮತ್ತು ತನ್ನ ಹೆಸರು ಕೊಟ್ಟಳು. ಯಂತ್ರ ಒಂದು ಕ್ಷಣ ಗುರ್ ಅಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿತು: ಮಾವ. ಪಕ್ಕದಲ್ಲಿ ಇಸ್ಪೀಟಿನ ಒಂದು ಎಲೆಯೂ ಅಲುಗಲಿಲ್ಲ.

"ಎರಡೂ ಒಂದರಾಗ ನಡದಾವ," ಎಂದು ಬಸವಂತರಾಯರು ಸಾರಿದರು. "ಜಗದೇವಪ್ಪಾ, ಹಗ್ಗ ಸುತ್ತಿ ಇಡಪ್ಪ. ಪೆಟಗಿ ಇಲ್ಲೇ ಇರ್ತದ."

ಗಂಗಾಬಾಯಿಗೆ ಅದು ಕೇಳಿಸಿತೋ ಇಲ್ಲವೋ. ಕರಿ ರಾಜನ ಮೇಲೆ ಕೆಂಪು ರಾಣಿಯನ್ನು ಎಳೆದು ತಂದು ಕೂರಿಸಿ, "ಚಹಾ ಯಾರರ ಮಾಡ್ರಿ, ನಾ ಏಳಂಗಿಲ್ಲ," ಅಂದಳು. ಶಿವಕಾಂತಾ ಕೊಟ್ಟ ಮಾತು ಅಲ್ಲಿಗೆ ಪೂರಾ ತೀರಿತು.